ಹೂಂಗುಟ್ಟುವ ಚಾಚಾ ಮತ್ತು ಇಟಲಿಯ ಕಥೆಗಾರ

ಕಳೆದ ವಾರ ರಾಮನಗರದ ಹಳೆಯ ಬೀದಿಯಲ್ಲಿ ಹೋಗುತ್ತಿದ್ದಾಗ ಬೆಂದ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ಅಲ್ಲೇ ನಿಂತುಬಿಟ್ಟೆ. ಹಿಂದೆ ಪಕ್ಕದ ಮನೆಯಲ್ಲಿದ್ದ ಚಾಚಾ ನೆನಪಾದರು...

ಎರಡು ಸಾವಿರದ ಇಸವಿಯ ಆಸುಪಾಸು. ಎಂ.ಫಿಲ್. ಪ್ರಬಂಧಕ್ಕೆಂದು ಇಟಲಿಯ ಹೆಸರಾಂತ ಕಥೆಗಾರನೊಬ್ಬನನ್ನು ಹಿಡಿದುಕೊಂಡಿದ್ದೆ. ಅವನು ಆಧುನಿಕೋತ್ತರ ಪಂಥದವನು ಹೌದೋ ಅಲ್ಲವೋ? ಗೈಡ್ ಆಗಲೇ ಹೌದೆಂದು ತೀರ್ಪು ಕೊಟ್ಟಾಗಿತ್ತು. ನನಗೋ ಅನುಮಾನ. ಕೂತಲ್ಲಿ ಕೂರಲಾಗದೆ ಚಾಚಾ ನೂಲು ತೆಗೆಯುವ ಷೆಡ್ಡಿಗೆ ಹೋಗಿ ಆ ಕಥೆಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುತ್ತಲೇ ಹೂಂಗುಟ್ಟುತ್ತಿದ್ದರು.

ಈ ಕಥೆಗಾರ ನಡುನಡುವೆ ಓದುಗನನ್ನೇ ಮಾತಾಡಿಸುತ್ತಾನೆ, ಅದೇ ಅವನ ಹೊಸತನವಂತೆ ಎಂದೆ ಒಂದು ದಿನ. ಚಾಚಾ ನಕ್ಕುಬಿಟ್ಟರು.

"ಅದ್ರಲ್ಲಿ ಹೊಸದೇನೈತೆ ಬೇಟಾ? ನಮ್ ದಾದಿ, ಅದೇ ನಮ್ಮಪ್ಪನ್ ತಾಯಿ, ಕಥೆ ಹೇಳೋವಾಗ ನಾವು ಹೂಂ ಅನ್ನೋದು ಮರೆತ್ರೆ, 'ಕುದುರೆ ಹಳ್ಳದಲ್ಲೇ ನಿಂತೋಗೈತೆ, ನೀನು ಹೂಂ ಅಂದ್ರೇನೇ ಮುಂದಕ್ಕೆ ಹೋಗೋದು' ಅನ್ನೋಳು. ನಿನ್ ಇಟಲಿಯವ್ನೂ ಹೂಂ ಕೇಳ್ತಾವ್ನೆ. ಬುಕ್ಕಿನೊಳಗೆ ಕೂತವ್ನಿಗೆ ಕೇಳಿಸಲ್ವಲ್ಲ ಪಾಪ, ಅದ್ಕೇ ಬಾಯ್ಬಿಟ್ಟು ಕೇಳ್ತಾನೆ."

ಅಜ್ಜಿಯ ಆ ಮಾತನ್ನಿಟ್ಟುಕೊಂಡೇ ಒಂದು ಅಧ್ಯಾಯ ಬರೆದೆ. ಅವನು ಯಾವ ಹೊಸ ಪಂಥದವನೂ ಅಲ್ಲ, ಎದುರಿಗೆ ಕೇಳುವವರಿಲ್ಲದ ಹಳೇ ಕಾಲದ ಕಥೆಗಾರ ಎಂದೆ. ಗೈಡ್ ಓದಿ, "ಅಜ್ಜಿ ಕಥೆಯೆಲ್ಲ ಬೇಡ, ತೆಗೀರಿ" ಎಂದರು. ಪ್ರಬಂಧ ಒಪ್ಪಿಗೆಯಾದರೆ ಕಾಲೇಜಿನ ಕೆಲಸ ಇನ್ನೇನು ಕೈಗೆ ಸಿಗುವುದರಲ್ಲಿತ್ತು. ತೆಗೆದೆ. ಆಧುನಿಕೋತ್ತರನೇ ಹೌದು ಎಂದು ಬರೆದುಕೊಟ್ಟೆ. ಹೇಡಿ ನಾನು.

"ದಾದಿ ಮಾತು ಹಾಕಿದ್ಯಾ?" ಎಂದು ಚಾಚಾ ಕೇಳಿದರು. ಹಾಕಿದ್ದೇನೆ ಎಂದುಬಿಟ್ಟೆ. ಅವರು ಗೂಡಿನ ಮಾರ್ಕೆಟ್ಟಿನಲ್ಲೆಲ್ಲ ಡಂಗುರ ಸಾರಿದರು.

ಆಮೇಲೆ ಷೆಡ್ಡಿನ ಹೆಂಗಸರು ಒಬ್ಬೊಬ್ಬರಾಗಿ ಹಾರೋಹಳ್ಳಿ ಫ್ಯಾಕ್ಟರಿಗಳ ವ್ಯಾನು ಹತ್ತಿದರು. ನೂಲು ತೆಗೆಯುವವರಿಲ್ಲದೆ ಷೆಡ್ಡು ಮುಚ್ಚಿತು. ಚಾಚಾ ಕೂಡ ಹಾರೋಹಳ್ಳಿಯ ಫ್ಯಾಕ್ಟರಿಯೊಂದರ ಗೇಟಿನಲ್ಲಿ ವಾಚ್‌ಮನ್ ಆದರು. ಸಿಕ್ಕಾಗಲೆಲ್ಲ "ಆ ಪೇಜು ಒಸಿ ತೋರ್ಸು ಬೇಟಾ" ಎನ್ನುತ್ತಿದ್ದರು. ಇವತ್ತು, ನಾಳೆ ಎನ್ನುತ್ತಾ ಕೊನೆಗೆ ಅವರು ಎದುರಾಗದ ದಾರಿ ಹಿಡಿದು ಓಡಾಡತೊಡಗಿದೆ...

ಕಳೆದ ವಾರ ಮನಸ್ಸು ತಡೆಯದೆ ಅವರ ಮನೆಗೆ ಹೋದೆ. ಚಾಚಾ ತೀರಿಕೊಂಡು ವರ್ಷವಾಗಿತ್ತಂತೆ. ಎಂದೋ ಬೇರೆ ಬಡಾವಣೆಗೆ ಮನೆ ಬದಲಿಸಿದ್ದ ನನಗೆ ಗೊತ್ತೇ ಆಗಿರಲಿಲ್ಲ. ಅವರ ಹೆಂಡತಿ ಟೀ ಕೊಟ್ಟು, ಸೊಸೆಯನ್ನು ಕರೆದು ನನ್ನನ್ನು ತೋರಿಸಿದರು.

"ಇವ್ರೇ ಕಣಮ್ಮ, ನಿಮ್ ಮಾವನ ದಾದಿ ಮಾತ್ನ ಬುಕ್ಕಿಗೆ ಹಾಕ್ದೋರು. ಆಸ್ಪತ್ರೇಲೂ ಎಲ್ರಿಗೂ ಅದನ್ನೇ ಹೇಳ್ತಿದ್ರು."

ಸೊಸೆ ನನಗೆ ಸಲಾಂ ಮಾಡಿದಳು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಹೌದು, ಹಾಕಿದ್ದೀನಿ" ಎಂದೆ.

ಕ್ಷಮೆ ಕೇಳಲು ಚಾಚಾ ಇಲ್ಲ. ಅವರಿಲ್ಲದ ಮನೆಯಲ್ಲೂ ಅದೇ ಸುಳ್ಳು ಹೇಳಿ ಬಂದೆ.