ಬಲ್ಬುಗಳು ನನ್ನ ಪರ್ಸಿನಲ್ಲಿದ್ದವು

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು ನಾನು. ಅಲ್ಲಿನ ಸಿಸ್ಟರ್‌ಗಳು ದೇವರನ್ನು ನಂಬಲು ಹೇಳಿಕೊಟ್ಟರೇ ಹೊರತು ದೆವ್ವವನ್ನಲ್ಲ. ಮದುವೆಯಾಗಿ ಕಾಗವಾಡದ ಹತ್ತಿರ ದ್ರಾಕ್ಷಿ ತೋಟದ ಮನೆಗೆ ಬಂದ ಮೇಲೆ, ನಮ್ಮ ಅತ್ತೆ ಅಮಾವಾಸ್ಯೆಗೊಮ್ಮೆ ಗಾಡಿಗೆ ಲಿಂಬೆಹಣ್ಣು ಕಟ್ಟಿಸುವಾಗ, ಮನಸ್ಸಿನಲ್ಲೇ ‘ನಾನ್‌ಸೆನ್ಸ್’ ಅಂದುಕೊಂಡು ಸುಮ್ಮನಿರುತ್ತಿದ್ದೆ. ಆದ್ದರಿಂದ ಇದನ್ನು ನೀವು ನಂಬಲೇಬೇಕು ಎಂದು ನಾನು ಹೇಳುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ, ಆನೆಸ್ಟ್ಲಿ, ನಾನೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದ ಶುರುವಿನ ಮಾತು. ನಮ್ಮ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕಬ್ಬಿನ ಸೀಸನ್ನಿನಲ್ಲಿ ನಮ್ಮ ಕಡೆಯ ರಸ್ತೆ ನೋಡಿದವರಿಗೆ ಗೊತ್ತು: ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಅಕ್ಕಪಕ್ಕಕ್ಕೆ ಚಾಚಿಕೊಂಡ ಕಬ್ಬು, ಹಿಂದೆ ಹೆಸರಿಗೂ ಒಂದು ದೀಪವಿಲ್ಲ. ಗಾಲಿ ಪಂಕ್ಚರ್ ಆದರೆ ಟ್ರಾಲಿಯನ್ನು ಅಲ್ಲೇ ರಸ್ತೆಯ ಮೇಲೆ ಬಿಟ್ಟು, ಹಿಂದೆ ಒಂದೆರಡು ಕಲ್ಲಿಟ್ಟು ಹೋಗಿಬಿಡುತ್ತಾರೆ. ಅಂಥದೊಂದು ಟ್ರಾಲಿಗೆ ಕತ್ತಲಲ್ಲಿ ಅವರ ಸ್ಕೂಟರ್ ಹೋಗಿ ಬಡಿದಿತ್ತು.

ನಾನು ಅಳಲಿಲ್ಲ. ಡಾಕ್ಟರು ‘ಶಾಕ್’ ಎಂದರು. ಉಣ್ಣು ಎಂದರೆ ಉಣ್ಣುತ್ತಿದ್ದೆ, ಮಲಗು ಎಂದರೆ ಮಲಗುತ್ತಿದ್ದೆ. ಎದುರಿಗೆ ಕೂತು ಮಾತನಾಡುವವರ ದನಿಯೂ ಪಕ್ಕದ ಮನೆಯ ರೇಡಿಯೋದ ಹಾಗೆ ಕೇಳುತ್ತಿತ್ತು.

ದ್ರಾಕ್ಷಿ ಕೊಯ್ಲು ಶುರುವಾಗುವುದಿತ್ತು. ಹಣ್ಣು ತುಂಬುವ ಬಾಕ್ಸ್ ತರಲು ನಮ್ಮ ಪಿಕಪ್ ಗಾಡಿ ಚಿಕ್ಕೋಡಿಗೆ ಹೊರಟಿತು. ನನ್ನ ಒಬ್ಬನೇ ಮಗ ರವಿಯೂ ಬ್ಯಾಂಕಿನ ಕೆಲಸಕ್ಕೆಂದು ಮೋಟಾರ್ ಸೈಕಲ್ ಮೇಲೆ ಅಲ್ಲಿಗೇ ಹೊರಟಿದ್ದ. ಚಿಕ್ಕೋಡಿಯಲ್ಲಿ ನನ್ನ ತಂಗಿಯ ಮನೆ. ‘ಚೇಂಜ್ ಆಗತೈತಿ ನಡಿ ಮಮ್ಮಿ’ ಎಂದು ನನ್ನನ್ನೂ ಗಾಡಿಗೆ ಹತ್ತಿಸಿದ. ಓಡಿಸುತ್ತಿದ್ದವನು ನಮ್ಮ ಹಳೆಯ ಡ್ರೈವರ್ ಬಾಳು.

ಸಂಜೆಗೆ ಬಾಕ್ಸ್ ತುಂಬಿಕೊಂಡು ಬಾಳು ನನ್ನನ್ನು ಕರೆದೊಯ್ಯಲು ತಂಗಿಯ ಮನೆಗೆ ಬಂದ. ನಾವು ಓಣಿ ದಾಟಿ ದೊಡ್ಡ ರಸ್ತೆಗೆ ಬರುತ್ತಿದ್ದಂತೆ ಲಾರಿಯವನೊಬ್ಬ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿದ.

“ಏ ಮಾಮಾ! ಗಕ್ಕನ ಬ್ರೇಕ್ ಹಾಕ್ತಿ, ಹಿಂದ ಲೈಟ್ ಹತ್ತವಲ್ಲವು! ನಿನ್ನ ಬಾಕ್ಸಿನ್ಯಾಗ ಬಂದ ಕುಂಡ್ರಲೇನು ನಾ?”

ಎಷ್ಟೋ ತಿಂಗಳ ಮೇಲೆ ನನಗೆ ಸ್ಪಷ್ಟವಾಗಿ ಕೇಳಿಸಿದ ಮಾತು ಅದೇ. “ಲೈಟ್ ರಿಪೇರಿ ಆಗೂತನಕ ಗಾಡಿ ಊರಿಗೆ ಹೋಗೂದಿಲ್ಲ” ಅಂದೆ. ಬಾಳು ನನ್ನ ಮುಖ ನೋಡಿದ, ಗಾಡಿಯನ್ನು ಗ್ಯಾರೇಜಿಗೆ ತಿರುಗಿಸಿದ.

ಬ್ರೇಕ್ ಲೈಟ್ ಪರೀಕ್ಷೆ ಮಾಡಲು ಇಬ್ಬರು ಬೇಕು, ಒಬ್ಬರು ತುಳಿಯಲು, ಇನ್ನೊಬ್ಬರು ಹಿಂದೆ ನಿಂತು ನೋಡಲು. ಗ್ಯಾರೇಜಿನ ಮಿಸ್ತ್ರಿಗೆ ಬಾಳು ಟಾರ್ಚ್ ಹಿಡಿದು ನಿಂತದ್ದರಿಂದ ತುಳಿಯುವ ಕೆಲಸ ನನಗೆ ಬಂತು. ಚಪ್ಪಲಿ ಬಿಟ್ಟು, ಸೀರೆ ಒತ್ತರಿಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತೆ. “ತುಳೀರಿ ಅಕ್ಕಾರ… ಬಿಡ್ರಿ… ಮತ್ತ ತುಳೀರಿ.” ಮಿಸ್ತ್ರಿ ಫ್ಯೂಸ್ ಬದಲಿಸಿದ, ಹತ್ತಲಿಲ್ಲ. ಬಲ್ಬು ಬಿಚ್ಚಿ ನೇರವಾಗಿ ಗಾಡಿಯ ಬ್ಯಾಟರಿಗೆ ಹಿಡಿದ, ಜೋರಾಗಿ ಹತ್ತಿದವು. ಹಾಗಾದರೆ ಪೆಡಲ್ ಹತ್ತಿರದ ಸ್ವಿಚ್ ಕೆಟ್ಟಿರಬೇಕೆಂದು, ಬಲ್ಬು ತಿರುಗಿ ಹಾಕಿ, ಅದರ ಎರಡೂ ವೈರ್ ಬಿಚ್ಚಿ ಒಂದಕ್ಕೊಂದು ಕೂಡಿಸಿದ. ಆಗಲೂ ಇಲ್ಲ. ವೈರ್ ಮೊದಲಿನಂತೆ ಹಚ್ಚಿ ಇನ್ನೊಮ್ಮೆ ತುಳಿಸಿದ.

“ಅಕ್ಕಾರ, ಖರೇನ ತುಳದೀರಿಲ್ಲೊ?” ಎಂದು ಬಾಳು ಹಿಂದಿನಿಂದ ಕೂಗಿದ.

“ತುಳದೇನಿ.”

“ಹಂಗಾರ ಗಾಡೀನ ನಮ್ಮ ಮ್ಯಾಲ ಮುನಿಸ್ಕೊಂಡೈತಿ ಬಿಡ್ರಿ.”

ಚಾಸಿಯ ಕೆಳಗೆ ಎಲ್ಲೋ ವೈರ್ ತುಂಡಾಗಿದೆ, ಬಾಕ್ಸ್ ಎಲ್ಲ ಇಳಿಸಿ ಹುಡುಕಬೇಕು, ಇವತ್ತು ಆಗದ ಕೆಲಸ ಎಂದ ಮಿಸ್ತ್ರಿ. ಕಡೆಗೆ ಬಲ್ಬು ಅಲುಗಿಸಿ ನೋಡಲು ಹೋದರೆ ತುಕ್ಕು ಹಿಡಿದ ಹೋಲ್ಡರಿನ ತಗಡು ಎರಡೂ ಕಡೆ ಮುರಿದು ಕೈಗೆ ಬಂತು. ಬಲ್ಬುಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ನಾನು ಅವನ್ನು ಪರ್ಸಿನಲ್ಲಿ ಹಾಕಿಕೊಂಡೆ. ರಾತ್ರಿ ಹಿಂದೆ ಉರಿಯುವ ಸಣ್ಣ ಕೆಂಪು ದೀಪವೂ ಅದೇ ಬಲ್ಬಿನದು. ಈಗ ಗಾಡಿಯ ಬೆನ್ನಿಗೆ ಯಾವ ದೀಪವೂ ಇರಲಿಲ್ಲ.

ಅಷ್ಟರಲ್ಲಿ ಕೆಲಸ ಮುಗಿಸಿದ ರವಿ ನಮ್ಮನ್ನು ಹುಡುಕಿಕೊಂಡು ಬಂದ. ಇವತ್ತು ರಾತ್ರಿ ತಂಗಿಯ ಮನೆಯಲ್ಲೇ ಇರೋಣ ಎಂದೆ.

“ನಸುಕಿನ್ಯಾಗ ಆಳು ಬರ್ತಾವ. ಬಾಕ್ಸ್ ಇಲ್ಲಂದ್ರ ಹಣ್ಣ ಉಡ್ಯಾಗ ಕಟ್ಗೊಂಡ ನಡೀರಿ ಅನ್ನಲೇನ್ ಮಮ್ಮಿ? ನಾ ನಿಮ್ಮ ಹಿಂದ ಹಿಂದ ಬರ್ತೀನಿ. ನನ್ನ ಹೆಡ್‌ಲೈಟ್ ನಿಮ್ಮ ಬೆನ್ನ ಮ್ಯಾಲ ಇರ್ತೈತಿ. ಯಾರೂ ಬಂದ ಗುದ್ದೂದಿಲ್ಲ.”

ನಮ್ಮನ್ನು ಕಾಯಲು ಅವನು ಹಿಂದೆ. ಅವನ ಮುಂದೆ ದೀಪವಿಲ್ಲದ ಗಾಡಿ. ನನಗೆ ಬೇಡವಾಗಿತ್ತು. ಆದರೆ ವಾದ ಮಾಡುವ ಶಕ್ತಿ ಅಷ್ಟಕ್ಕೇ ಮುಗಿದಿತ್ತು. ಹೂಂ ಅಂದೆ.

ದಾರಿಯಲ್ಲಿ ಅಂಕಲಿ ಊರು ಬಿಡುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ನದಿ ದಾಟಿದ ಮೇಲೆ ಹೊಲಗಳಲ್ಲಿ ಕಬ್ಬು ಕಡಿದ ಮೇಲೆ ಉಳಿದ ಒಣ ರವದಿ ಸುಡುತ್ತಿದ್ದರು. ಹೊಗೆ ರಸ್ತೆಯ ಮೇಲೆಲ್ಲ ಮಲಗಿತ್ತು. ನಾನು ಕನ್ನಡಿಯಲ್ಲಿ ರವಿಯ ದೀಪವನ್ನೇ ನೋಡುತ್ತಿದ್ದೆ. ಒಂದು ತಿರುವಿನ ನಂತರ ಅದು ಕಾಣಲಿಲ್ಲ.

“ಪೆಟ್ರೋಲ್ ರಿಸರ್ವ್‌ಗೆ ಬಂದಿರಬೇಕ್ರಿ. ಇಲ್ಲಿ ನಿಲ್ಲಿಸಿದ್ರ ಹಿಂದಿನವ ನಮಗ ಬಂದ ಗುದ್ದತಾನ. ಮುಂದ ಬಯಲಿನ್ಯಾಗ ನಿಲ್ಲಸ್ತೀನಿ” ಎಂದ ಬಾಳು.

ಅವನ ಮಾತು ಮುಗಿಯುವುದರೊಳಗೆ ಹೊಗೆಯಲ್ಲಿ ಏನೋ ಗೋಡೆಯಂಥದು ಎದ್ದಿತು. ಕಬ್ಬಿನ ಟ್ರಾಲಿ. ಮುಂದೆ ಟ್ರ್ಯಾಕ್ಟರ್ ಇಲ್ಲ, ಮನುಷ್ಯರಿಲ್ಲ. ಬಾಳು ಬ್ರೇಕ್ ಹಾಕದೆ ಬಲಕ್ಕೆ ಹೊರಳಿಸಿದ. ಕಬ್ಬಿನ ಗರಿ ಗಾಜನ್ನು ಸವರಿಕೊಂಡು ಹೋಯಿತು. ರವಿ ಹಿಂದೆ ಬರುತ್ತಿದ್ದಾನೆ ಎಂದು ಕೂಗಬೇಕೆಂದುಕೊಂಡೆ. ಬಾಯಿ ಬರಲಿಲ್ಲ. ನನ್ನ ಬಲಗಾಲು ಮಾತ್ರ ಕೆಳಗಿನ ತಗಡನ್ನು ಒತ್ತಿ ಹಿಡಿದಿತ್ತು. ಅಲ್ಲಿ ಪೆಡಲ್ ಇಲ್ಲ, ಏನೂ ಇಲ್ಲ. ಎತ್ತೋಣವೆಂದರೂ ಕಾಲು ಏಳಲಿಲ್ಲ.

ಬಯಲಿಗೆ ಬಂದು ಬಾಳು ಗಾಡಿ ನಿಲ್ಲಿಸಿದ. ನಾವಿಬ್ಬರೂ ಇಳಿದು ತಿರುಗಿ ಓಡಬೇಕು ಅನ್ನುವಷ್ಟರಲ್ಲಿ ಮೋಟಾರ್ ಸೈಕಲ್ಲಿನ ಸಪ್ಪಳ ಕೇಳಿಸಿತು. ರವಿ ಬಂದ. ನಗುತ್ತಿದ್ದ.

“ಲೈಟ್ ಯಾವಾಗ ಹತ್ತಿದ್ವೋ ಬಾಳು ಮಾಮಾ? ಹತ್ತಿದ್ದು ಚಲೋ ಆತು ನೋಡು. ಎರಡೂ ಕೆಂಪಗ ಕಂಡ್ವು, ನೀ ಬ್ರೇಕ್ ಹಾಕೀಯಂತ ನಾನೂ ಹಾಕಿದೆ. ನಿಂತ ನೋಡ್ತೀನಿ, ಮೂಗಿನ ಮುಂದ ಕಬ್ಬು!”

“ಬ್ರೇಕ್ ಯಾಂವ ಹಾಕ್ಯಾನೋ?” ಎಂದ ಬಾಳು. “ಬಲ್ಬ್ ಅಕ್ಕಾರ ಪರ್ಸಿನ್ಯಾಗ ಅದಾವ.”

ರವಿ ಚೇಷ್ಟೆ ಎಂದುಕೊಂಡ. ನಾನು ಪರ್ಸ್ ತೆಗೆದು ಪೇಪರ್ ಬಿಚ್ಚಿ ತೋರಿಸಿದೆ. ಆಮೇಲೆ ಅವನು ನಗಲಿಲ್ಲ. ಬಾಳು ಒಳಗೆ ಹತ್ತಿ ಬ್ರೇಕ್ ತುಳಿದ. ಹಿಂದೆ ಕತ್ತಲೆ. ದೀಪದ ಮೇಲಿನ ಗಾಜು ಮಿಸ್ತ್ರಿ ಬಿಚ್ಚಿದ್ದು ಹಾಗೇ ಸಡಿಲವಾಗಿತ್ತು. ಅದನ್ನು ಸರಿಸಿ ಖಾಲಿ ಹೋಲ್ಡರಿನೊಳಗೆ ಬೆರಳಿಟ್ಟೆ. ತಣ್ಣಗಿತ್ತು. ಬೆರಳಿಗೆ ತುಕ್ಕು ಹತ್ತಿತು. ಬಾಳು, ರವಿ ಇಬ್ಬರೂ ವಾಪಸ್ ಹೋಗಿ ಟ್ರಾಲಿಯ ಹಿಂದೆ ಬೇವಿನ ಟೊಂಗೆ ಮುರಿದು ಅಡ್ಡ ಹಾಕಿ ಬಂದರು. ಟ್ರಾಲಿಗೂ ಯಾವ ದೀಪವೂ ಇರಲಿಲ್ಲವಂತೆ.

ಮರುವಾರ ವೈರ್ ತುಂಡಾದ ಜಾಗ ಸಿಕ್ಕಿತು, ಇಲಿ ಕಡಿದಿತ್ತು. ಹೊಸ ಹೋಲ್ಡರ್ ಹಾಕಿಸಿದೆವು, ಲೈಟ್ ಸರಿಯಾಯಿತು. ರವಿಗೀಗ ಮೊಮ್ಮಕ್ಕಳಾಗುವ ವಯಸ್ಸು. ಕೇಳಿದರೆ, ‘ರಿಫ್ಲೆಕ್ಷನ್ ಮಮ್ಮಿ, ನನ್ನ ಹೆಡ್‌ಲೈಟ್ ನಿಮ್ಮ ಗಾಡಿ ಗಾಜಿಗೆ ಬಿದ್ದಿರಬೇಕು’ ಅನ್ನುತ್ತಾನೆ. ಲಾಜಿಕಲ್ ಆಗಿಯೇ ಇದೆ. ಆದರೆ ನಮ್ಮ ಗಾಡಿ ಟ್ರಾಲಿಯನ್ನು ದಾಟಿ ಆಚೆ ಹೋಗಿತ್ತು. ಅವನಿಗೂ ನಮಗೂ ನಡುವೆ ಗೋಡೆಯಂಥ ಕಬ್ಬಿತ್ತು. ಅದನ್ನು ಹೇಳಿದರೆ ಅವನು ಮಾತು ಬದಲಿಸುತ್ತಾನೆ. ನಾನೂ ಬಿಡುತ್ತೇನೆ.

ಅಂದು ಮನೆಗೆ ಬಂದು ಅವನ ಕೈಗೆ ನೀರು ಹಾಕಿದೆ. ಕೈ ತೊಳೆದು ಅವನು ಒಳಗೆ ಹೋದ ಮೇಲೂ ನಾನು ತಂಬಿಗೆ ಬಗ್ಗಿಸಿಕೊಂಡೇ ನಿಂತಿದ್ದೆನಂತೆ. ಅತ್ತೆ ಬಂದು ತಂಬಿಗೆ ಕಿತ್ತುಕೊಂಡರು. ಮಗ ಉಳಿದ ಎಂಬ ಸಂತೋಷ ಆಗಬೇಕಿತ್ತು, ಆಗಲಿಲ್ಲ. ಅದು ಬಹಳ ದಿನದ ಮೇಲೆ ಬಂತು. ಆ ರಾತ್ರಿ ತಲೆಯಲ್ಲಿ ಇದ್ದದ್ದು ಒಂದೇ: ಬಲ್ಬಿಲ್ಲದೆ, ವೈರಿಲ್ಲದೆ ಹೀಗೆ ಹತ್ತುವ ದೀಪ ಎಲ್ಲಾದರೂ ಇದೆಯಾದರೆ, ಯಜಮಾನರ ಸ್ಕೂಟರಿನ ಮುಂದೆ ಯಾಕೆ ಹತ್ತಲಿಲ್ಲ? ಇದನ್ನು ಯಾರಿಗೆ ಕೇಳಬೇಕು ಎಂಬುದೂ ನನಗೆ ಇವತ್ತಿನವರೆಗೆ ತಿಳಿದಿಲ್ಲ.