ಸರೋಜಾ ಊರ್ಫ್ ನೀಲವ್ವ

ಈ ಬೆಳಿಗ್ಗೆ ಗುಂಡಿ, ದಾರ ಕೊಳ್ಳಲೆಂದು ಬಾಗಲಕೋಟೆಯ ಪೇಟೆಗೆ ಹೊರಟಿದ್ದೆ. ಬಸ್ ನಿಲ್ದಾಣದಲ್ಲಿ ಕಂಡಕ್ಟರೊಬ್ಬ “ಹುನಗುಂದ, ಇಳಕಲ್ಲ, ಹತ್ರಿ ಹತ್ರಿ” ಎಂದು ಕೂಗಿದ. ನಾನು ಹತ್ತಿ ಕುಳಿತೇಬಿಟ್ಟೆ. ಟಿಕೆಟ್ ಕೇಳಿದಾಗಲೇ ನೆನಪಾದದ್ದು, ನನಗೆ ಹುನಗುಂದದಲ್ಲಿ ಇನ್ನೇನೂ ಕೆಲಸವಿಲ್ಲ ಎಂದು. ಕೇಸು ಮುಗಿದಿದೆ. ಮುಖ ಸಣ್ಣದು ಮಾಡಿಕೊಂಡು ಇಳಿದೆ. ಬ್ಲೌಸು ಹೊಲಿಯುವವಳ ಕೈ ಮಾತ್ರ ಹೇಳಿದ ಮಾತು ಕೇಳುತ್ತದೆ, ಕಾಲು ಕೇಳುವುದಿಲ್ಲ.

ನನ್ನ ಅಕ್ಕ ಇಳಕಲ್ಲಿನಲ್ಲಿದ್ದಳು. ಮಗ್ಗದವರಿಗೆ ನೂಲಿನ ಕಂಡಿಕಿ ಸುತ್ತಿ, ಸೀರೆಗೆ ಕುಚ್ಚು ಕಟ್ಟಿ ಬದುಕಿದವಳು. ಮಕ್ಕಳಿರಲಿಲ್ಲ, ಭಾವ ಮೊದಲೇ ಹೋಗಿದ್ದರು. ತಾನು ಸಾಯುವ ಮುಂಚೆ ಮೃತ್ಯುಪತ್ರ ಬರೆಸಿ ತನ್ನ ಎರಡಂಕಣದ ಮನೆಯನ್ನು ನನಗೆ ಬಿಟ್ಟಿದ್ದಳು. ಅವಳದೆಂದು ನನಗೆ ಉಳಿದದ್ದು ಅದೊಂದೇ. ಆದರೆ ಮನೆ ನನ್ನ ಹೆಸರಿಗೆ ಮಾಡಿಸಲು ಹೋದರೆ ಪುರಸಭೆ ಕಚೇರಿಯವರು ಕೋರ್ಟಿನ ಒಪ್ಪಿಗೆ ತನ್ನಿ ಎಂದರು, ಅದು ಆಗುವವರೆಗೆ ಬೀಗ ತೆಗೆಯಬೇಡಿ ಎಂದರು ವಕೀಲರು. ಆ ಒಪ್ಪಿಗೆಗೆ ಹೇಳುವ ಪ್ರೊಬೇಟ್ ಎಂಬ ಶಬ್ದ ನಾನು ಕೇಳಿದ್ದು ಆಗಲೇ. ಯಾವುದೋ ಜಡ್ಡಿನ ಹೆಸರಿರಬೇಕು ಅಂದುಕೊಂಡಿದ್ದೆ.

ತಕರಾರು ಇದ್ದವರು ಬಂದು ಹೇಳಬೇಕೆಂದು ಹುನಗುಂದದ ಕೋರ್ಟಿನವರು ಪತ್ರಿಕೆಯಲ್ಲಿ ಹಾಕಿಸಿದರು. ತಾರೀಖಿನ ಮೇಲೆ ತಾರೀಖು ಹೋಯಿತು, ಯಾರೂ ಬರಲಿಲ್ಲ. “ಛಲೋ ಆತಲ್ರಿ” ಎಂದು ವಕೀಲರು ನಕ್ಕರು. ನನಗೆ ಅನಿಸಿದ್ದೇ ಬೇರೆ. ಒಬ್ಬರಾದರೂ ಬಂದು ಅವಳು ನಮ್ಮಾಕಿ, ಮನೆ ನಮ್ಮದು ಎಂದು ಜಗಳ ತೆಗೆಯಬಾರದಿತ್ತೇ? ನಿಮಗೆ ಇದು ಹುಚ್ಚೆನ್ನಿಸಬಹುದು. ಸತ್ತವಳನ್ನು ತನ್ನವಳೆಂದು ಹೇಳಲು ಲೋಕದಲ್ಲಿ ನಾನೊಬ್ಬಳೇ ಉಳಿದಿದ್ದೇನೆ ಎಂಬುದು ಅಂದು ಗೊತ್ತಾಯಿತು, ಅಷ್ಟೆ.

ಅಷ್ಟರಲ್ಲಿ ಹೊಸ ತೊಡಕು ಬಂತು. ನಮ್ಮ ಮನೆತನದಲ್ಲಿ ಮದುವೆಯ ದಿನ ಅಕ್ಕಿಯ ತಾಟಿನಲ್ಲಿ ಉಂಗುರದಿಂದ ಹೆಣ್ಣಿಗೆ ಹೊಸ ಹೆಸರು ಬರೆಯುವ ರೂಢಿ ಇತ್ತು. ಬಾದಾಮಿಯ ನೀಲವ್ವ ಹಾಗೆ ಇಳಕಲ್ಲಿನ ಸರೋಜಾ ಆದಳು. ಆದರೆ ಸಾಲಿಯಲ್ಲಿ ಅವಳು ಬರೆಯಲು ಕಲಿತದ್ದು ನೀಲವ್ವ ಎಂದು ಮಾತ್ರ. ಮೃತ್ಯುಪತ್ರದ ಸಹಿಗೂ ಅದನ್ನೇ ಬರೆದಿದ್ದಳು.

“ಅಕ್ಕಾರ, ಸಹಿ ನೀಲವ್ವಂದೈತಿ, ಸತ್ತಾಕಿ ಸರೋಜಾ. ಸರೋಜಾ ಊರ್ಫ್ ನೀಲವ್ವ ಅಂತ ಸಾಕ್ಷಿ ಬೇಕಲ್ರಿ” ಎಂದರು ವಕೀಲರು.

“ನಾ ಹೇಳ್ತೇನಲ್ರಿ.”

“ಮನಿ ನಿಮಗ ಬರೂದೈತಿ. ನಿಮ್ಮ ಒಬ್ಬರ ಮಾತು ಸಾಲಂಗಿಲ್ರಿ. ಬ್ಯಾರೆಯವರು ಬೇಕು.”

ಬೇರೆಯವರನ್ನು ಎಲ್ಲಿಂದ ತರಲಿ? ಬಾದಾಮಿಯ ನಮ್ಮ ಓಣಿಯಲ್ಲಿ ಬಾಗಿಲು ಬಾಗಿಲು ತಟ್ಟಿದೆ. ನೀಲವ್ವ ಎಂದರೆ ಯಾವ ನೀಲವ್ವ ಎಂದರು. ಕಡೆಗೆ ಸಿಕ್ಕವರು ಹುಸೇನಬಿ ಅಕ್ಕ. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು, ಅಕ್ಕನ ಜೊತೆ ಸಾಲಿಗೆ ಹೋದವರು. ಮೊಣಕಾಲು ಹಿಡಿದುಕೊಂಡೇ ಹುನಗುಂದಕ್ಕೆ ಬಂದು ಕಟಕಟೆ ಹತ್ತಿದರು.

“ಸರೋಜಾ ಎಂಬುವವರು ನಿಮಗೆ ಗೊತ್ತೇನು?” ಎಂದು ಜಡ್ಜ್ ಸಾಹೇಬರು ಕೇಳಿದರು.

“ಗೊತ್ತಿಲ್ರಿ.”

ವಕೀಲರು ತಲೆ ಮೇಲೆ ಕೈ ಹೊತ್ತರು. ಮನೆ ಹೋದರೆ ಹೋಗಲಿ, ಅಕ್ಕ ಸುಳ್ಳಾಗುತ್ತಾಳಲ್ಲ! ವಕೀಲರು ಅವಸರದಿಂದ ಫೋಟೋ ತೋರಿಸಿದರು.

“ಅಯ್ಯ, ಇಕಿ ನಮ್ಮ ನೀಲಿ ಅಲ್ರಿ! ಸರೋಜಾ ಅಂತ ಯಾಕ ಕೇಳ್ತೀರಿ? ಅದು ಗಂಡನ ಮನಿಯವ್ರು ಇಟ್ಟಿದ್ದು, ನಂಗೇನ್ ಗೊತ್ತು. ಅಕಿ ತಂಗಿ ಅಲ್ಲೇ ಕುಂತಾಳಲ್ರಿ. ಏ ಕಾಶೀ, ನೀನರ ಹೇಳ!”

ನನಗೂ ತಾಟಿನಲ್ಲಿ ಹೆಸರು ಬರೆದಿದ್ದರೆಂದು ಹೇಳಲು ಮರೆತೆ ನೋಡಿ. ಗಂಡನ ಮನೆಯಲ್ಲಿ, ರೇಷನ್ ಕಾರ್ಡಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ ನಾನು ವಿಜಯಾ. ಅಕ್ಕ ಹೋದ ಮೇಲೆ ಕಾಶಿ ಎಂದು ಕರೆಯುವವರು ಯಾರೂ ಇರಲಿಲ್ಲ. ಇಲ್ಲವೆಂಬುದೂ ನನಗೆ ಹೊಳೆದಿರಲಿಲ್ಲ. ತುಂಬಿದ ಕೋರ್ಟಿನಲ್ಲಿ “ಆಂ” ಎಂದು ಎದ್ದು ನಿಂತೆ. ಕೂತ್ಕೊಳ್ಳಿ ಎಂದು ಸಾಹೇಬರು ಹೇಳಿದ್ದು ಕೇಳಿಸಿತು, ಆದರೆ ಕಣ್ಣು ತುಂಬಿ ಕುರ್ಚಿ ಕಾಣಲಿಲ್ಲ.

ಆಮೇಲೂ ಕಾದೆ. ಕೋರ್ಟಿನ ಆದೇಶದ ನಕಲು ಕೈಗೆ ಬಂತು. ಇಳಕಲ್ಲಿಗೆ ಹೋಗಿ ಬೀಗ ತೆಗೆದು, ಪಡಸಾಲೆಯಲ್ಲಿ ನಿಂತು ನೀಲಕ್ಕಾ ಎಂದು ಕರೆದೆ. ಓ ಎನ್ನುವವರು ಯಾರು? ಕಸ ಗುಡಿಸಿ, ಮತ್ತೆ ಬೀಗ ಹಾಕಿ ಬಂದೆ.

ಈಗ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಬಾದಾಮಿಯ ಹುಸೇನಬಿ ಅಕ್ಕನಿಗೆ ಫೋನು ಹಚ್ಚಿದೆ. ಕೇಸು ಮುಗಿದ ಮೇಲೆ ಮಾಡಿರಲೇ ಇಲ್ಲ.

“ಯಾರವ್ವಾ?”

“ನಾ ವಿಜಯಾ ರೀ.”

“ಯಾವ ವಿಜಯಾ? ನಂಗ್ಯಾರೂ ಗೊತ್ತಿಲ್ಲವಾ.”

“ನಾ... ಕಾಶಿ” ಎಂದೆ.

“ಹಂಗ ಹೇಳ ಮದ್ಲ! ಊಟ ಆತೇನ?”

“ಇಲ್ಲ.”

“ಮತ್ತ ಬಾ. ಸೊಸಿ ರೊಟ್ಟಿ ಬಡ್ಯಾಕತ್ತಾಳ.”

ಬಾದಾಮಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಲು ಎದ್ದೆ.