ಜವರಯ್ಯನವರ ಹೊಲಿಗೆ

ಜವರಯ್ಯನವರು ಯಾರನ್ನೂ ನಿಲ್ಲಿಸಿ ಅಳತೆ ತೆಗೆಯುತ್ತಿರಲಿಲ್ಲ. ಹುಣಸೂರು ಬಸ್ ನಿಲ್ದಾಣದ ಪಕ್ಕದ ಸಂದಿಯಲ್ಲಿದ್ದ ಅವರ ತಗಡಿನ ಅಂಗಡಿಗೆ ಬೆಲ್ಟು ಮಾಡಿಸಲು ಹೋದವರು ಮೊದಲು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕಿತ್ತು. ಎದುರಿಗೆ ಊಟದ ಎಲೆ ಇದೆಯೆಂದುಕೊಂಡು ಮುಂದಕ್ಕೆ ಬಾಗಬೇಕಿತ್ತು. ಆಗ ಅವರು ಟೇಪಿನ ಗೊಡವೆಗೆ ಹೋಗದೆ ತಮ್ಮ ಗೇಣಿನಿಂದಲೇ ಸೊಂಟದ ಸುತ್ತ ಅಳೆಯುತ್ತಿದ್ದರು. "ನಿಂತಾಗ ಎಲ್ಲಾರ್ ಸೊಂಟವೂ ಸುಳ್ಳು ಯೋಳ್ತದೆ" ಎನ್ನುತ್ತಿದ್ದರು.

ಈಗ ‘ಅವರು’ ಎಂದು ಬರೆಯುತ್ತಿದ್ದೇನೆ. ಆಗ ನಾನು ‘ಏನೋ ಜವರ’ ಎನ್ನುತ್ತಿದ್ದೆ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವರಾದ ಅವರು ನನ್ನನ್ನು ‘ಬುದ್ದಿ’ ಎನ್ನುತ್ತಿದ್ದರು. ಚರ್ಮದ ಕೆಲಸ ಮಾಡುವವರೂ ಜಮೀನಿರುವ ಮನೆಯವರೂ ಹಾಗೆ ಮಾತಾಡುವುದು ನಮ್ಮ ಕಡೆ ವಾಡಿಕೆ. ವಾಡಿಕೆಯ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವಂತಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮರದ ವ್ಯಾಪಾರ ಮಾಡುತ್ತಿದ್ದೆ. ಕಳ್ಳ ಮರದ ಲಾರಿಯೊಂದರ ಸುಳಿವು ಕೊಟ್ಟವನು ನಾನೇ ಎಂದು ಅದರ ಕಡೆಯವರು ಎಚ್.ಡಿ. ಕೋಟೆ ರಸ್ತೆಯಲ್ಲಿ ನನ್ನ ಜೀಪು ಅಡ್ಡಗಟ್ಟಿ ಹೊಡೆದರು. ಎಡಗೈ ಮುರಿಯಿತು. ಅದಾದ ಮೇಲೆ ಪಿಸ್ತೂಲಿಗೆ ಲೈಸೆನ್ಸ್ ಸಿಕ್ಕಿತು. ಮೈಸೂರಿನ ಅಂಗಡಿಯವರು ಎರಡು ತೋರಿಸಿದರು. ಚಿಕ್ಕದನ್ನು ಹಿಡಿದರೆ ನನ್ನ ಕಿರುಬೆರಳು ಹಿಡಿಯಿಂದ ಆಚೆಗೇ ಉಳಿಯುತ್ತಿತ್ತು. ಪೂರಾ ಅಳತೆಯದು ಕೈಗೆ ಸರಿಯಾಗಿ ಕೂತಿತು, ಆದರೆ ಅಷ್ಟು ದೊಡ್ಡದನ್ನು ಯಾರಿಗೂ ಕಾಣದಂತೆ ಇಟ್ಟುಕೊಂಡು ದಿನವಿಡೀ ತಿರುಗುವುದು ಹೇಗೆಂದು ತಿಳಿಯಲಿಲ್ಲ. ಎರಡರ ಅಳತೆಯನ್ನೂ ತೂಕವನ್ನೂ ಬರೆದುಕೊಂಡು ಜವರಯ್ಯನವರ ಬಳಿ ಹೋದೆ.

ಅವರು ನಾಲ್ಕು ದಿನ ಬಿಟ್ಟು ಬರಲು ಹೇಳಿದರು. ಹೋದರೆ ಮರದಲ್ಲಿ ಕೆತ್ತಿದ ಎರಡು ಪಿಸ್ತೂಲುಗಳನ್ನು ಮುಂದಿಟ್ಟರು. ಒಳಗೆ ಸೀಸ ತುಂಬಿ ತೂಕವನ್ನೂ ಸರಿ ಮಾಡಿದ್ದರು.

"ಇದೇನೋ ಜವರ, ಆಟದ ಸಾಮಾನು?"

"ಆಟಾನೇ ಅನ್ಕಳಿ ಬುದ್ದಿ. ಒಂದೊಂದು ವಾರ ಸೊಂಟದಲ್ಲಿಟ್ಕಂಡು ತಿರುಗಿ. ಜೀಪು ಅತ್ತಿ, ಇಳೀರಿ, ಬಯಲ್ಗೆ ಓದಾಗ ಕುಂತ್ಕಳಿ. ಎಲ್ಲಿ ಒತ್ತದೆ, ಎಲ್ಲಿ ಉಬ್ಬಿ ಕಾಣ್ತದೆ ಬಂದು ಯೋಳಿ. ಆಮ್ಯಾಕೆ ದಿಟವಾದ್ದು ತಗಳೀರಂತೆ."

ಎರಡು ವಾರ ತಿರುಗಿದೆ. ದೊಡ್ಡದು ಚಿಕ್ಕದಕ್ಕಿಂತ ಹೆಚ್ಚೇನೂ ಕಾಡಲಿಲ್ಲ. ಅದನ್ನು ಹೇಳಿದಾಗ ಜವರಯ್ಯನವರಿಗೆ ಆಶ್ಚರ್ಯವಾಗಲಿಲ್ಲ.

"ಉದ್ದ ಎಷ್ಟಿದ್ರೂ ಪಂಚೆ ಒಳೀಕೆ ಇಳ್ಕತದೆ. ಕಾಟ ಕೊಡೋದು ಹಿಡಿ ಕಣ್ ಬುದ್ದಿ, ಅದೇ ಮೊಣಕೈ ಥರ ತಿವೀತದೆ. ಅದ್ನ ಮುಂದಕ್ ವಾಲಿಸಿ, ಸೊಂಟದ ಮೂಳೆಯಿಂದ ಒಂಚೂರು ಇಂದಕ್ಕೆ ಕೂರಿಸ್ಬೇಕು. ಭಾರ ತಡಿಯೋದು ಪೌಚಲ್ಲ, ಬೆಲ್ಟು." ಆಮೇಲೆ ನನ್ನ ಟೆರಿಲಿನ್ ಅಂಗಿಯನ್ನು ನೋಡಿ, "ಈ ತೆಳ್ಳನೆ ಬಿಳಿ ಅಂಗಿ ಮಾತ್ರ ಬುಟ್ಬುಡಿ. ಕದ್ದ ಕೋಳೀನ ಸೊಂಟಕ್ ಸಿಗಿಸ್ಕಂಡಂಗೆ ಕಾಣ್ತೀರಿ" ಎಂದರು.

ದೊಡ್ಡದನ್ನೇ ಕೊಂಡೆ. ಎರಡು ಪದರ ಚರ್ಮ ಸೇರಿಸಿ ಬೆಲ್ಟು ಹೊಲಿದರು. ಪಂಚೆಯ ಮೇಲೆ ಅಗಲ ಬೆಲ್ಟು ಕಟ್ಟುವುದು ನಮ್ಮ ಕಡೆ ಎಲ್ಲರ ರೂಢಿಯಾದ್ದರಿಂದ ಅದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಬೆಲ್ಟಿಗೆ ಪಂಚೆಯ ಒಳಗಡೆ ಕೂರುವ ಒರೆ, ಅವರ ಬಾಯಲ್ಲಿ ಪೌಚ್. ಪಿಸ್ತೂಲು ಜಾರದಂತೆ ಒರೆಯ ಬಾಯಿಗೆ ಒಂದು ಪಟ್ಟಿ, ಪಟ್ಟಿಗೆ ಒತ್ತುಗುಂಡಿ. ಪಟ್ಟಿಯ ಬುಡಕ್ಕೆ ಮೇಣ ಸವರಿದ ದಾರದಿಂದ ಏಳು ಹೊಲಿಗೆ ಹಾಕಿದ್ದರು. ಕೊಡುವಾಗ ಹೇಳಿದರು: "ಉಣ್ಣಕ್ ಕುಂತಾಗ ಬೆಲ್ಟು ಸಡ್ಲ ಮಾಡ್ಬ್ಯಾಡಿ, ಗುಂಡಿ ಬಿಚ್ಬ್ಯಾಡಿ. ಒಟ್ಟೆ ತುಂಬ ಉಣ್ಣೋ ದಿನ ಅದ್ನ ಮನೇಲಿಟ್ಟು ಓಗಿ."

ಎರಡು ವರ್ಷ ಅದು ನನ್ನ ಸೊಂಟದಲ್ಲಿತ್ತು. ನನ್ನ ಹೆಂಡತಿ ಮತ್ತು ಜವರಯ್ಯನವರನ್ನು ಬಿಟ್ಟರೆ ನಮ್ಮೂರಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲ.

ಆಮೇಲೆ ಮಗಳ ಮದುವೆಯಾಯಿತು. ಪಿರಿಯಾಪಟ್ಟಣದ ಕಡೆಯ ಬೀಗರ ಊರಿನಲ್ಲಿ ಬೀಗರ ಊಟ. ಅಂಥ ಕಡೆಗೆ ಪಿಸ್ತೂಲು ಒಯ್ಯಬಾರದೆಂದು ನನಗೆ ಗೊತ್ತಿತ್ತು. ಅಭ್ಯಾಸದ ಮೇಲೆ ಕಟ್ಟಿಕೊಂಡು ಹೋದೆ. ಎರಡನೇ ಮುದ್ದೆಗೆ ಬೆಲ್ಟು ಬಿಗಿಯಿತು, ಎರಡು ತೂತು ಸಡಿಲಿಸಿದೆ. ಪಟ್ಟಿ ಪಕ್ಕೆಗೆ ಒತ್ತುತ್ತಿತ್ತು, ಗುಂಡಿಯನ್ನೂ ಬಿಚ್ಚಿದೆ. ಕೈ ತೊಳೆದು ಬಂದವನು ಬೀಗರ ತಂದೆಯ ಕಾಲು ಮುಟ್ಟಲು ಬಗ್ಗಿದೆ. ಪಿಸ್ತೂಲು ಜಾರಿ ಸಿಮೆಂಟಿನ ನೆಲದ ಮೇಲೆ ಬಿದ್ದು ಆ ಮುದುಕರ ಪಾದದ ಬಳಿ ನಿಂತಿತು. ಅವರಿಗೆ ಕಣ್ಣು ಮಂಜು.

"ಏನಪ್ಪಾ ಬಿತ್ತು, ಎಲಡಿಕೆ ಡಬ್ಬೀನಾ?" ಎಂದರು.

ಯಾರೋ ನಕ್ಕರು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಒಳಗೆ ಹೋದರು. ನನ್ನ ಮಗಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆಗ ನನ್ನ ಬಾಯಿಗೆ ಬಂದದ್ದು ಒಂದೇ: "ಆ ಹುಣಸೂರಿನ ಜವರ ಹಾಕಿದ ಹೊಲಿಗೆ ಬಿಟ್ಟೋಯ್ತು. ಅವನ ಕೈಲಿ ಮಾಡ್ಸಿದ್ದೇ ನನ್ನ ತಪ್ಪು."

ಎಲ್ಲರೂ ನಂಬಿದರು. ನಂಬುವುದು ಸುಲಭವಿತ್ತು. ಆದರೆ ಸುದ್ದಿ ಲೈಸೆನ್ಸ್ ಕೊಟ್ಟ ಅಧಿಕಾರಿಗಳ ಕಿವಿಗೂ ಬಿದ್ದು, ಒರೆ ಸಮೇತ ಬರುವಂತೆ ನನಗೆ ಹೇಳಿಕಳಿಸಿದರು. ಹೊಲಿಗೆ ಗಟ್ಟಿಯಾಗಿಯೇ ಇತ್ತು. ಹೊರಡುವ ಮುಂಚೆ ಗಡ್ಡ ಹೆರೆಯುವ ಬ್ಲೇಡು ತೆಗೆದುಕೊಂಡು ಏಳು ಹೊಲಿಗೆಯನ್ನೂ ನಾನೇ ಕೊಯ್ದೆ. ಅಧಿಕಾರಿ ನೇತಾಡುವ ಪಟ್ಟಿಯನ್ನು ನೋಡಿ, ಎಚ್ಚರಿಕೆ ಹೇಳಿ ಕಳಿಸಿದರು. ಲೈಸೆನ್ಸ್ ಉಳಿಯಿತು.

ಜವರಯ್ಯನವರ ಗಿರಾಕಿಗಳೆಂದರೆ ಲಾರಿ ಡ್ರೈವರುಗಳು, ಹೊಗೆಸೊಪ್ಪಿನ ವ್ಯಾಪಾರದವರು, ಎತ್ತಿಗೆ ಕೊರಳಪಟ್ಟಿ ಮಾಡಿಸುವ ರೈತರು. ಒಬ್ಬೊಬ್ಬರೇ ದೂರವಾದರು. "ಜವರಯ್ಯನ ಬೆಲ್ಟಾ? ಮುದ್ದೆ ಉಂಡ್ರೆ ಬಿಚ್ಕತದೆ ಕಣ್ಲಾ" ಎಂದು ಟೀ ಅಂಗಡಿಯಲ್ಲಿ ಒಬ್ಬ ಹೇಳಿದಾಗ ನಾನೂ ಅಲ್ಲೇ ಕೂತಿದ್ದೆ. ಟೀ ಕುಡಿದು ಎದ್ದು ಬಂದೆ.

ಒಂದು ಬೆಳಿಗ್ಗೆ ಅವರು ಬಿಳಿಕೆರೆಯಲ್ಲಿ ಬಸ್ಸಿಳಿದು ನಡೆದುಕೊಂಡು ನಮ್ಮ ಮನೆಗೆ ಬಂದರು. ಜಗಲಿಯ ಕೆಳಗೇ ನಿಂತು, "ಆ ಪೌಚ್ ಒಸಿ ಕೊಡಿ ಬುದ್ದಿ, ನೋಡ್ತೀನಿ" ಎಂದರು. ಕೊಡದೆ ಇರಲು ನೆಪ ಸಿಗಲಿಲ್ಲ. ದಾರದ ತುದಿಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ತಾನೇ ಕಿತ್ತೋದ ದಾರಕ್ಕೆ ಮೀಸೆ ಬತ್ತದೆ ಬುದ್ದಿ, ನಾರು ನಾರಾಗಿ. ಇದ್ಕೆ ಮೀಸೆ ಇಲ್ಲ."

ಅವರು ಚೀಲದಿಂದ ದಬ್ಬಳ, ದಾರ ತೆಗೆದು ಅಲ್ಲೇ ಕೂತು ಮತ್ತೆ ಏಳು ಹೊಲಿಗೆ ಹಾಕಿದರು.

"ನಿಮ್ ಮರ್ವಾದೆ ಕಳ್ಕಳಿ ಅಂತ ನಾನು ಅನ್ನಲ್ಲ. ಒಲಿಗೆ ಸರ್ಯಾಗೇ ಇತ್ತು ಅಂತ ಬೀಗರೂರಲ್ಲಿ ಒಂದ್ ಮಾತು ಅಂದ್ಬುಡಿ, ಸಾಕು."

"ಆಗ್ಲಿ ನೋಡೋಣ ಹೋಗೋ" ಎಂದೆ.

ಹೇಳಲಿಲ್ಲ. ಮಗಳಿಗೆ ಆ ಮನೆಯಲ್ಲಿ ಮಾತು ಬರುತ್ತದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾದ ಕಾರಣ ಅದಲ್ಲ, ನನಗೆ ನಾಚಿಕೆ. ವರ್ಷ ಕಳೆಯುವುದರೊಳಗೆ ಜವರಯ್ಯನವರು ಅಂಗಡಿ ಮುಚ್ಚಿ ಕೆ.ಆರ್. ನಗರದ ಮಗಳ ಮನೆಗೆ ಹೋದರು.

ಏಳೆಂಟು ವರ್ಷಗಳ ಮೇಲೆ ವ್ಯಾಪಾರ ಬಿಟ್ಟೆ. ಪಿಸ್ತೂಲನ್ನೂ ಒಪ್ಪಿಸಿಬಿಟ್ಟೆ. ಸಾಲಿಗ್ರಾಮಕ್ಕೆ ಹೋಗುತ್ತ ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಲು ಇಳಿದಾಗ ಅವರನ್ನು ಕಂಡೆ. ರಸ್ತೆ ಬದಿಯಲ್ಲಿ ಗೋಣಿ ಹಾಸಿಕೊಂಡು ಶಾಲೆಯ ಬ್ಯಾಗಿಗೆ ಜಿಪ್ಪು ಹಾಕುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಅವರ ಎದುರಿಗೆ ಕುಕ್ಕುರುಗಾಲಲ್ಲಿ ಕೂತೆ.

"ಜವರಯ್ಯನವರೇ, ಆ ಹೊಲಿಗೆ ಬ್ಲೇಡಲ್ಲಿ ಕೊಯ್ದವನು ನಾನು."

ಅವರು ಜಿಪ್ಪನ್ನು ಎರಡು ಸಲ ಎಳೆದು ನೋಡಿದರು.

"ಗೊತ್ತಿರೋನ್ಗೇ ಬಂದು ಯೋಳ್ತಿದ್ದೀರಲ್ಲ. ಗೊತ್ತಿಲ್ದೋರ್ಗೆ ಯೋಳಿ" ಎಂದರು. ಬುದ್ದಿ ಎನ್ನಲಿಲ್ಲ. ಬ್ಯಾಗನ್ನು ಪಕ್ಕಕ್ಕಿಟ್ಟು, "ನಿಮ್ ಬಸ್ಸು ಒಂಟದೆ ನೋಡಿ" ಎಂದರು.

ಆಗಲೂ ನಾನು ತಡಮಾಡಿದೆ. ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ಬೀಗರ ಊರಿಗೆ ಹೋದೆ. ಬೀಗರೂ ಆ ಹೊತ್ತಿಗೆ ಇರಲಿಲ್ಲ. ಅಳಿಯನನ್ನೂ ಅವನ ಅಣ್ಣಂದಿರನ್ನೂ ಜಗಲಿಯಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಪಿಸ್ತೂಲು ಬಿದ್ದದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಎಲಡಿಕೆ ಡಬ್ಬಿಯ ಮಾತು ಹೇಳಿಕೊಂಡು ನಕ್ಕರು. ಹೊಲಿಗೆ ಬಿಟ್ಟಿತೆಂದು ನಾನು ಅಂದದ್ದೂ ನೆನಪಿತ್ತು.

"ಜವರಯ್ಯನವರದು ಏನೂ ತಪ್ಪಿರಲಿಲ್ಲ" ಎಂದೆ.

"ಯಾವ ಜವರಯ್ಯ ಮಾವ?" ಎಂದ ಅಳಿಯ.